ಕಟಿಂಗ್ ಶಾಪ್‌ನ ನಂಬಿಕೆಯನ್ನು ಸಂಶೋಧನೆಗೆ ಬಳಸಬಹುದೇ?

ಅಮೆರಿಕದಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ನಿಂದ ಸಾಯುವ ಕಪ್ಪು ಗಂಡಸರ ಪ್ರಮಾಣ ಬಿಳಿಯರದ್ದಕ್ಕಿಂತ ಸುಮಾರು ಎರಡು ಪಟ್ಟು. ಬಿಪಿಯೂ ಅವರಲ್ಲೇ ಜಾಸ್ತಿ. ಆದರೆ ಔಷಧ ಪರೀಕ್ಷಿಸುವಾಗ ಅವರು ಕಾಣುವುದು ಕಡಿಮೆ. 1993ರಲ್ಲಿ ಶುರುವಾದ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುವ ಅಧ್ಯಯನವನ್ನೇ ನೋಡಿ. ಅದರಲ್ಲಿದ್ದ 18,882 ಗಂಡಸರಲ್ಲಿ ಕಪ್ಪು ಜನ ನೂರಕ್ಕೆ ನಾಲ್ಕರ ಆಸುಪಾಸು. ಅದಕ್ಕೇ ಈಗ ಸಂಶೋಧಕರು ಕಟಿಂಗ್ ಶಾಪ್‌ಗಳಿಗೆ, ಚರ್ಚ್‌ಗಳಿಗೆ ಹೋಗುತ್ತಾರೆ. ಮೊದಲು ನಂಬಿಕೆ ಗಳಿಸಿ, ಆಮೇಲೆ ಜನರನ್ನು ಸೇರಿಸಿಕೊಳ್ಳುತ್ತಾರೆ. ಈ ದಾರಿ ಸರಿಯೇ? ಇಬ್ಬರ ವಾದ ಇಲ್ಲಿದೆ.

ಪರ: ಜನ ಇರುವಲ್ಲಿಗೇ ಹೋಗಬೇಕು

ಬಿಪಿ ಇರುವ ಎಷ್ಟೋ ಗಂಡಸರು ಆಸ್ಪತ್ರೆಗೆ ಹೋಗುವುದು ಕುಸಿದು ಬಿದ್ದಾಗಲೇ. ಕ್ಷೌರಕ್ಕೆ ಮಾತ್ರ ತಪ್ಪದೆ ಹೋಗುತ್ತಾರೆ, ಅದೂ ವರ್ಷಗಟ್ಟಲೆ ಒಂದೇ ಅಂಗಡಿಗೆ. ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಕೂತರೆ ಮನೆಯ ವಿಷಯ, ಕೆಲಸದ ವಿಷಯ ತಾನಾಗಿ ಬಾಯಿಗೆ ಬರುತ್ತದೆ. ಡಾಕ್ಟರ ಮುಂದೆ ಹೇಳದ್ದನ್ನು ಅಲ್ಲಿ ಹೇಳುತ್ತಾರೆ.

ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನೈ ಆಸ್ಪತ್ರೆಯ ಡಾ. ರೊನಾಲ್ಡ್ ವಿಕ್ಟರ್ ಇದನ್ನು ಅರ್ಥಮಾಡಿಕೊಂಡಿದ್ದರು. 52 ಅಂಗಡಿಗಳು, 319 ಗಿರಾಕಿಗಳು, ಎಲ್ಲರೂ ಬಿಪಿ ಏರಿದ್ದ ಕಪ್ಪು ಗಂಡಸರು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಊಟ-ತಿಂಡಿ ಸರಿಮಾಡಿಕೊಳ್ಳಿ, ಡಾಕ್ಟರನ್ನು ನೋಡಿ ಅಂತ ಹೇಳಿದರು, ಅಷ್ಟೇ. ಉಳಿದ ಅಂಗಡಿಗಳಿಗೆ ಫಾರ್ಮಸಿಸ್ಟ್ (ಔಷಧ ತಜ್ಞ) ಬಂದು ಅಲ್ಲೇ ಬಿಪಿ ನೋಡಿ, ಅಲ್ಲೇ ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಫಾರ್ಮಸಿಸ್ಟ್ ಬಂದ ಕಡೆ ಬಿಪಿಯ ಮೇಲಿನ ಅಂಕಿ ಸರಾಸರಿ 27ರಷ್ಟು ಇಳಿಯಿತು. 153ರ ಹತ್ತಿರ ಇದ್ದದ್ದು 126ಕ್ಕೆ ಬಂತು. 2018ರಲ್ಲಿ ವರದಿ ಹೊರಬಂತು. ಅದೇ ವರ್ಷ ಡಾ. ವಿಕ್ಟರ್ ತೀರಿಕೊಂಡರು.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಇನ್ನೊಂದು ಅಂಕಿ. ಆರು ತಿಂಗಳಾದ ಮೇಲೂ ನೂರಕ್ಕೆ 95 ಜನ ಅಧ್ಯಯನದಲ್ಲಿ ಉಳಿದಿದ್ದರು. "ಇವರು ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ" ಅಂತ ಯಾರ ಬಗ್ಗೆ ಹೇಳುತ್ತಿದ್ದರೋ, ಅದೇ ಜನ. ಅವರನ್ನು ಹಿಡಿದಿಟ್ಟದ್ದು ಜಾಹೀರಾತಲ್ಲ. ತಮ್ಮ ತಲೆಯನ್ನೇ ಒಪ್ಪಿಸಿದ್ದ ಮನುಷ್ಯ "ಇದು ಒಳ್ಳೆಯದು, ಸೇರು" ಅಂದಿದ್ದ. ಪ್ರಾಸ್ಟೇಟ್ ಕ್ಯಾನ್ಸರ್ ಔಷಧಗಳಿಗೂ ಇಂಥ ದಾರಿ ಬೇಕು. ಇಲ್ಲದಿದ್ದರೆ ಜಾಸ್ತಿ ಸಾಯುವವರನ್ನೇ ಬಿಟ್ಟು ಮದ್ದು ತಯಾರಾಗುತ್ತದೆ.

ವಿರೋಧ: ಈ ದಾರಿಯಲ್ಲಿ ಹಿಂದೆಯೂ ಬಂದಿದ್ದರು

ನಂಬಿದವರ ಮೂಲಕ ಜನರನ್ನು ಸೇರಿಸುವುದು ಹೊಸ ಉಪಾಯವೇನಲ್ಲ. 1932ರಲ್ಲಿ ಅಲಬಾಮಾ ರಾಜ್ಯದ ಮೇಕನ್ ಕೌಂಟಿಯಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯವರು ಮಾಡಿದ್ದೂ ಇದನ್ನೇ. ಅದೇ ಟಸ್ಕೀಗೀ ಅಧ್ಯಯನ. ಸುಮಾರು 600 ಬಡ ಕಪ್ಪು ಗಂಡಸರು, ಅವರಲ್ಲಿ 399 ಜನಕ್ಕೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ. "ನಿಮ್ಮ ರಕ್ತ ಕೆಟ್ಟಿದೆ, ಔಷಧ ಕೊಡುತ್ತೇವೆ" ಅಂದರು. ನಿಜಕ್ಕೂ ಮಾಡಿದ್ದು ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತದ್ದು. ಆ ರೋಗ ವಾಸಿಮಾಡುವ ಪೆನಿಸಿಲಿನ್ ಬಂತು, ಬೇರೆಯವರಿಗೆಲ್ಲ ಸಿಕ್ಕಿತು. ಇವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬರುವವರೆಗೂ, 40 ವರ್ಷ ಹೀಗೇ ನಡೆಯಿತು.

ಅಷ್ಟು ವರ್ಷ ಜನ ಹೇಗೆ ಉಳಿದರು? ಯೂನಿಸ್ ರಿವರ್ಸ್ ಅನ್ನುವ ನರ್ಸ್ ಇದ್ದರು. ಅವರೂ ಕಪ್ಪು ಹೆಂಗಸು, ಅದೇ ಸೀಮೆಯಲ್ಲಿ ಕೆಲಸ ಮಾಡಿಕೊಂಡಿದ್ದವರು. ಹೊಲದಲ್ಲಿದ್ದವರನ್ನು ಕಾರಿನಲ್ಲಿ ಕೂರಿಸಿಕೊಂಡು ಪರೀಕ್ಷೆಗೆ ಕರೆದೊಯ್ಯುತ್ತಿದ್ದರು. ಆ ದಿನ ಬಿಸಿ ಊಟ ಸಿಗುತ್ತಿತ್ತು. ಸತ್ತರೆ ಮಣ್ಣಿಗೆ ಹಣ ಕೊಡುತ್ತಿದ್ದರು, ಹೆಣ ಕೊಯ್ದು ನೋಡಲು ಬಿಡಬೇಕು ಅನ್ನುವ ಷರತ್ತಿನ ಮೇಲೆ. ಬರೀ ಪರೀಕ್ಷೆಗಾಗಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವಾಗ ಕಳಿಸಿದ ಪತ್ರದಲ್ಲಿ ಅದನ್ನು ಉಚಿತ ವಿಶೇಷ ಚಿಕಿತ್ಸೆ, ಇದೇ ಕೊನೆಯ ಅವಕಾಶ ಅಂತ ಬರೆದಿದ್ದರು. ಮನೆಮನೆಯ ಕಷ್ಟ ಬಲ್ಲ ರಿವರ್ಸ್ ಮೇಲಿದ್ದ ನಂಬಿಕೆ ಸುಳ್ಳಲ್ಲ. ಆ ನಂಬಿಕೆಯೇ ಆ ಗಂಡಸರನ್ನು ಕಟ್ಟಿಹಾಕಿತು. ಹಾಗಾಗಿ "ಮೊದಲು ನಂಬಿಕೆ ಗಳಿಸೋಣ" ಅನ್ನುವ ಮಾತು ಕೇಳಿದರೆ ನನಗೆ ಹೆದರಿಕೆಯಾಗುತ್ತದೆ.

ಲಾಸ್ ಏಂಜಲೀಸ್ ಅಧ್ಯಯನವನ್ನು ನಾನೂ ಗೌರವಿಸುತ್ತೇನೆ. ಆದರೆ ಅದನ್ನು ಇನ್ನೊಮ್ಮೆ ಓದಿ. ಎರಡೂ ಬಗೆಯ ಅಂಗಡಿಗಳಲ್ಲಿ ಕ್ಷೌರಿಕರಿದ್ದರು, ಹಳೆಯ ಗಿರಾಕಿಗಳಿದ್ದರು, ನಂಬಿಕೆ ಇತ್ತು. ಬರೀ ಮಾತು ನಡೆದ ಕಡೆ ಬಿಪಿ ಇಳಿದದ್ದು 9ರಷ್ಟು. 27 ಇಳಿದದ್ದು ಮಾತ್ರೆ ಬರೆಯುವವರು ಬಂದ ಕಡೆ. ಕೆಲಸ ಮಾಡಿದ್ದು ಚಿಕಿತ್ಸೆ, ಅಲ್ವಾ?

ಇನ್ನೂ ಒಂದು ಮಾತು. ಕಪ್ಪು ಜನ ಸೇರಲು ಒಪ್ಪುವುದಿಲ್ಲ ಅನ್ನುವುದೇ ಅಷ್ಟಾಗಿ ನಿಜವಲ್ಲ. 70,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 20 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ನೋಡಿದರು. ಕೇಳಿದಾಗ ಒಪ್ಪುವುದರಲ್ಲಿ ಬಿಳಿಯರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಂದರೆ ಕೇಳುವುದೇ ಕಡಿಮೆ. ಕೇಳಿದರೂ ನಿಯಮಗಳು ಹೊರಗಿಡುತ್ತವೆ. ಆಫ್ರಿಕಾ ಮೂಲದ ಅನೇಕರಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಹುಟ್ಟಿನಿಂದಲೇ ಕಡಿಮೆ. ಅದು ರೋಗವಲ್ಲ. ಆದರೂ ಕ್ಯಾನ್ಸರ್ ಔಷಧದ ಎಷ್ಟೋ ಪರೀಕ್ಷೆಗಳಲ್ಲಿ ಆ ಎಣಿಕೆ ಇಷ್ಟಿರಲೇಬೇಕು ಅಂತ ನಿಯಮವಿದೆ. ರಕ್ತದಲ್ಲಿ ಯಾವ ತೊಂದರೆಯೂ ಇಲ್ಲದವನೂ ಬಾಗಿಲಲ್ಲೇ ವಾಪಸ್. ಈ ನಿಯಮ ತಿದ್ದಲು ಯಾವ ಚರ್ಚ್‌ಗೂ ಹೋಗಬೇಕಿಲ್ಲ. ಬಸ್ ಚಾರ್ಜು ಕೊಡಲು, ಕೆಲಸ ಮುಗಿದ ಮೇಲೆ ಸಂಜೆ ಕ್ಲಿನಿಕ್ ತೆರೆದಿಡಲು, ಫಲಿತಾಂಶವನ್ನು ಸೇರಿದವರಿಗೇ ಮೊದಲು ತಿಳಿಸಲು ಯಾರ ನಂಬಿಕೆಯನ್ನೂ ಸಾಲ ತರಬೇಕಿಲ್ಲ.

ಕೊನೆಗೆ ಆ ಕ್ಷೌರಿಕನನ್ನೂ ನೆನೆಯಿರಿ. ಅನುದಾನ ಮುಗಿಯುತ್ತದೆ, ಸಂಶೋಧಕರು ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಎರಡು ವಾರ ಬಿಟ್ಟು ಗಿರಾಕಿ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾನೆ. "ನನ್ನ ರಕ್ತ ತಗೊಂಡು ಹೋದ್ರಲ್ಲ, ಏನು ಗೊತ್ತಾಯ್ತಂತೆ?" ಅಂತ ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ ಕೇಳುತ್ತಾನೆ.