ರಿಪ್ಲಿಯ ಗುಡ್ಡದ ಮೇಲಿನ ಪಾದ್ರಿ ಮನೆ

ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿಯಿಂದ ಓಹಾಯೊ ನದಿಯ ದಂಡೆ ಹಿಡಿದು ಸುಮಾರು 80 ಕಿ.ಮೀ. ಹೋದರೆ ರಿಪ್ಲಿ ಅನ್ನೋ ಪುಟ್ಟ ಊರು ಸಿಗುತ್ತದೆ. ಊರ ಹಿಂದಿನ ಗುಡ್ಡದ ಮೇಲೆ ಜಾನ್ ರಾಂಕಿನ್ ಎಂಬ ಪ್ರೆಸ್ಬಿಟೇರಿಯನ್ ಪಂಥದ ಪಾದ್ರಿಯ ಮನೆ ಇದೆ. ಹೋದ ತಿಂಗಳು ನೋಡಿ ಬಂದೆ. ಜೊತೆಗಿದ್ದ ಗೆಳೆಯ ಮನೆ ಕಂಡವನೇ "ಇಷ್ಟೇನಾ?" ಅಂದ.

ಅವನನ್ನು ಬೈಯೋ ಹಾಗಿಲ್ಲ. ಇಟ್ಟಿಗೆ ಗೋಡೆ, ಕೆಳಗೆ ಕೆಲವೇ ಕೋಣೆ, ಮೇಲೆ ಅಟ್ಟದಂಥ ಅರ್ಧ ಮಹಡಿ, ಹಿಂದೆ ಅಡುಗೆಮನೆ. ಪಾದ್ರಿ ಬಂಗಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟೋ ಅಗಲ ವರಾಂಡ, ದಪ್ಪ ಕಂಬ ಯಾವುದೂ ಇಲ್ಲ. ರಾಂಕಿನ್ ದಂಪತಿಗೆ 13 ಮಕ್ಕಳು ಬೇರೆ. ರಾತ್ರಿ ಎಲ್ಲರೂ ಎಲ್ಲಿ ಮಲಗುತ್ತಿದ್ದರೋ!

ನಾನು ಹೊಸ್ತಿಲಲ್ಲಿ ನದಿಗೆ ಮುಖ ಮಾಡಿ ನಿಂತೆ. ಕೆಳಗೆ ಊರು, ಅದರಾಚೆ ನದಿ, ಆಚೆ ದಡದಲ್ಲಿ ಕೆಂಟಕಿ ರಾಜ್ಯ. ಆಗ ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಓಹಾಯೊದಲ್ಲಿ ಇರಲಿಲ್ಲ. ರಾಂಕಿನ್ 1822ರಲ್ಲಿ ರಿಪ್ಲಿಗೆ ಬಂದಾಗ ಮೊದಲು ನದಿ ಪಕ್ಕದ ಬೀದಿಯಲ್ಲೇ ಇದ್ದರು. ಆ ದಶಕದ ಕೊನೆಗೆ ಮೇಲೆ ಬಂದರು. ರಾತ್ರಿ ಕಿಟಕಿಯಲ್ಲಿ ದೀಪ ಇಟ್ಟರೆ ಆಚೆ ದಡಕ್ಕೆ ಕಾಣುತ್ತಿತ್ತು. ಕಂಬಕ್ಕೆ ಲಾಂದ್ರ ಏರಿಸುತ್ತಿದ್ದರು ಅಂತಲೂ ಹೇಳುತ್ತಾರೆ. ಕೆಂಟಕಿಯಿಂದ ತಪ್ಪಿಸಿಕೊಂಡು ಬಂದ ಗುಲಾಮರು ಆ ಬೆಳಕನ್ನೇ ನೋಡಿಕೊಂಡು ನದಿ ದಾಟಿ ಗುಡ್ಡ ಹತ್ತುತ್ತಿದ್ದರು. ಹೊಟ್ಟೆಗೆ ಊಟ ಹಾಕಿ, ಬಚ್ಚಿಟ್ಟು, ರಾಂಕಿನ್ ಮಕ್ಕಳೇ ಅವರನ್ನು ಕತ್ತಲಲ್ಲಿ ಉತ್ತರಕ್ಕೆ, ಆಶ್ರಯ ಕೊಡೋ ಮುಂದಿನ ಮನೆಗೆ ಮುಟ್ಟಿಸುತ್ತಿದ್ದರು.

ದೀಪ ಬೇಕಾದವರಿಗೆ ಮಾತ್ರ ಕಾಣುತ್ತಾ? ಗುಲಾಮರನ್ನು ಹಿಡಿಯೋರಿಗೂ ಕಾಣುತ್ತದೆ ಅಲ್ವಾ. 1841ರಲ್ಲಿ ಒಂದು ರಾತ್ರಿ ಈ ಮನೆ ಮೇಲೆ ದಾಳಿಯೇ ಆಯಿತು. ಗಂಡುಮಕ್ಕಳು ಬಂದೂಕು ಹಿಡಿದು ಹಿಮ್ಮೆಟ್ಟಿಸಿದರು. ತಪ್ಪಿಸಿಕೊಂಡ ಗುಲಾಮರ ಕುರಿತ 1850ರ ಕಾನೂನು ಬಂದ ಮೇಲೆ ಹೀಗೆ ನೆರವಾದವರಿಗೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಆದರೂ ರಾಂಕಿನ್ ಊರು ಬಿಡಲಿಲ್ಲ. ಒಟ್ಟು 44 ವರ್ಷ ಅದೇ ಊರಿನ ಚರ್ಚಿನ ಪಾದ್ರಿಯಾಗಿದ್ದರು.

ಅದಕ್ಕೇ ನನಗೆ ಹಳೇ ಕಟ್ಟಡಗಳ ಬಗ್ಗೆ ಮಾತಾಡೋ ನಮ್ಮ ರೀತಿ ಸರಿ ಅನ್ನಿಸಲ್ಲ. ಯಾವ ಶೈಲಿ, ಎಷ್ಟು ಕಂಬ, ಬಾಗಿಲ ಕೆತ್ತನೆ ಎಂಥದು ಅಂತ ಕೇಳುತ್ತೇವೆ. ಮನೆ ಯಾವ ಕಡೆ ನೋಡುತ್ತಿದೆ ಅಂತ ಯಾರೂ ಕೇಳಲ್ಲ. ಇದೇ ಮನೆಯನ್ನು ಒಂದು ಇಟ್ಟಿಗೆಯೂ ಮುಕ್ಕಾಗದ ಹಾಗೆ ಕೆಳಗಿನ ಬೀದಿಗೆ ತಂದಿಟ್ಟರೆ ಅದು ಯಾರದೋ ಹಳೇ ಮನೆ, ಅಷ್ಟೇ.

1938ರಲ್ಲಿ ಓಹಾಯೊ ಸರ್ಕಾರ ಮನೆಯನ್ನು ಕೊಂಡಿತು. 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಅಂತಲೂ ಆಯಿತು. ಸಂತೋಷ. ಗೋಡೆಯನ್ನು ನೋಡಿಕೊಂಡಷ್ಟೇ ಮುತುವರ್ಜಿಯಿಂದ ಆ ನೋಟವನ್ನೂ ನೋಡಿಕೊಳ್ಳಬೇಕು. ಮುಂದಿನ ಇಳಿಜಾರಿನಲ್ಲಿ ಮರ ಬೆಳೆದು ನದಿ ಮುಚ್ಚಿಹೋದರೆ, ಛಾವಣಿ ಸೋರಿದಷ್ಟೇ ದೊಡ್ಡ ಹಾನಿ ಅಂತ ಲೆಕ್ಕ ಹಾಕಬೇಕು. ಮರ ಪ್ರೇಮಿಗಳು ಬೈದರೂ ಪರವಾಗಿಲ್ಲ!

ಊರಿಂದ ಗುಡ್ಡಕ್ಕೆ ನೂರರಷ್ಟು ಮೆಟ್ಟಿಲಿವೆ. ಈಗಿರೋದು ಮತ್ತೆ ಕಟ್ಟಿದ್ದು. ಗೆಳೆಯ ಇಳಿಯುವಾಗ ಎಣಿಸುತ್ತಾ ಬಂದ. ಅರವತ್ತರ ಹತ್ತಿರ ನಿಂತು, ತಿರುಗಿ ಮೇಲೆ ನೋಡಿ, "ಕತ್ತಲಲ್ಲಿ ಇದನ್ನ ಹತ್ತುತ್ತಿದ್ದರಾ?" ಅಂದ. ಎಣಿಕೆ ತಪ್ಪಿಹೋಯಿತು.