ಮೈಕಲ್ ಜಾಕ್ಸನ್ ಮೊದಲ ಪ್ರವಾಸ: ಒಂದು ಸ್ಪಷ್ಟನೆ

'ಮೈಕಲ್ ಜಾಕ್ಸನ್ ತನ್ನ ಮೊದಲ ವಿಶ್ವ ಪ್ರವಾಸದಲ್ಲೇ ಮುಂಬಯಿಗೆ ಬಂದಿದ್ದ' ಎಂಬ ಸಂದೇಶ ಒಂದು ಚಿತ್ರದೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಹಿಂದುಮುಂದು ನೋಡದೆ ನಾನೂ ಅದನ್ನು ನಾಲ್ಕು ಗುಂಪುಗಳಿಗೆ ಕಳಿಸಿಬಿಟ್ಟಿದ್ದೆ. ಅದು ತಪ್ಪು.

ಮುಂಬಯಿಯ ಅಂಧೇರಿಯಲ್ಲಿ ಅವರು ಹಾಡಿದ್ದು 1996ರ ನವೆಂಬರ್ 1ರಂದು. ಅದು 'ಹಿಸ್ಟರಿ' ಪ್ರವಾಸ, ಏಕವ್ಯಕ್ತಿ ಗಾಯಕರಾಗಿ ಅವರ ಮೂರನೆಯದು. ಮೊದಲನೆಯದು 'ಬ್ಯಾಡ್' ಪ್ರವಾಸ. ಅದೇ ಹೆಸರಿನ ಆಲ್ಬಂ 1987ರ ಆಗಸ್ಟ್ 31ರಂದು ಹೊರಬಂತು. ಎರಡು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 12ರಂದು, ಟೋಕಿಯೊದಲ್ಲಿ ಪ್ರವಾಸ ಶುರುವಾಯಿತು. 15 ದೇಶಗಳಲ್ಲಿ 123 ಕಾರ್ಯಕ್ರಮ ನೀಡಿ 1989ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮುಗಿಯಿತು. ಆ 15ರಲ್ಲಿ ಭಾರತವಿರಲಿಲ್ಲ.

1984ರ 'ವಿಕ್ಟರಿ' ಪ್ರವಾಸವೇ ಮೊದಲನೆಯದಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಅದರಲ್ಲಿ ಸಹೋದರರೂ ಜೊತೆಗಿದ್ದರು, ಅದು ಅಮೆರಿಕ, ಕೆನಡಾ ದಾಟಲಿಲ್ಲ. ಅಣ್ಣಂದಿರ ಜೊತೆ ಬಾಲಕನಾಗಿದ್ದಾಗಲೇ ಅವರು ಯುರೋಪಿನಲ್ಲಿ ಹಾಡಿದ್ದುಂಟು. ಹಾಗಾಗಿ 'ಏಕವ್ಯಕ್ತಿ' ಎಂಬ ಪದ ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಸಂದೇಶದ ಚಿತ್ರವೇ ಗುಟ್ಟು ಬಿಟ್ಟುಕೊಡುತ್ತದೆ: ಗಗನಯಾತ್ರಿಯಂಥ ಹೊಂಬಣ್ಣದ ಉಡುಪು. ರಾಕೆಟ್‌ನಿಂದ ಹೊರಬರುವ ಆ ವೇಷ 'ಹಿಸ್ಟರಿ'ಯದು. 'ಬ್ಯಾಡ್' ಕಾಲದ್ದು ಬಕಲ್‌ಗಳು ತುಂಬಿದ ಕಪ್ಪು ದಿರಿಸು. ನಾನು ಆಗಲೇ ಗಮನಿಸಬೇಕಿತ್ತು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.