ಜೊಂಡು ಕಿತ್ರೆ ಕೆರೆ ಕ್ಲೀನ್ ಆಗಲ್ಲ

ನೆದರ್ಲೆಂಡ್ಸಿಗೆ ಬಂದು ಏಳು ವರ್ಷ ಆಯ್ತು, ಲೈಡನ್ ಹತ್ರ ಒಂದು ಸಣ್ಣ ಊರಲ್ಲಿದೀವಿ. ಮನೆ ಹಿಂದೇನೇ ಒಂದು ಕಾಲುವೆ, ಇಲ್ಲಿಯವ್ರು ಸ್ಲೋಟ್ ಅಂತಾರೆ, ಅದರ ಒಂದು ದಡದ ತುಂಬಾ ಆಳೆತ್ತರ ಜೊಂಡು. ಬಂದ ಹೊಸದ್ರಲ್ಲಿ ಇಷ್ಟು ನೀಟಾಗಿರೋ ದೇಶದಲ್ಲಿ ಇದನ್ನ್ಯಾಕೆ ಹಿಂಗೆ ಬಿಟ್ಟಿದಾರೆ ಅನ್ನಿಸ್ತಿತ್ತು. ಚಳಿಗಾಲ ಶುರುವಾಗೋ ಮುಂಚೆ ಮಷಿನ್ ಬಂದು ಕಾಲುವೆ ಮಧ್ಯದ ಪಾಚಿ ಎಲ್ಲಾ ಎತ್ತಿ ಹಾಕ್ತು, ದಡದ ಜೊಂಡಲ್ಲಿ ಮಾತ್ರ ಅರ್ಧ ಕೊಯ್ದು ಇನ್ನರ್ಧ ಹಾಗೇ ಬಿಟ್ಟು ಹೋಯ್ತು. ಪಕ್ಕದ ಮನೆ ಅಜ್ಜನ್ನ ಕೇಳ್ದೆ. "ಅದು ನೀರಿನ ಕೆಲ್ಸ ಮಾಡ್ತಿದೆ, ಇರ್ಲಿ ಬಿಡಿ" ಅಂದ್ರು.

ಏನು ಕೆಲ್ಸ ಅಂತ ಗೊತ್ತಾಗಿದ್ದು ಒಂದ್ಸಲ ದಡ ಕುಸಿದು ಒಂದು ಬುಡ ಬೇರು ಸಮೇತ ಹೊರಗೆ ಬಂದಾಗ. ಸುತ್ತ ಇದ್ದ ಮಣ್ಣು ಕಪ್ಪಂದ್ರೆ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಆದ್ರೆ ಬೇರಿನ ಮೇಲೆಲ್ಲಾ ಕೆಂಪಗೆ ತುಕ್ಕು ಹಿಡಿದ ಹಂಗೆ ಒಂದು ಪದರ. ಅದು ನಿಜವಾಗ್ಲೂ ತುಕ್ಕೇ. ಜೊಂಡಿನ ಕಾಂಡ ಒಳಗೆ ಟೊಳ್ಳು, ಎಲೆ ಕಡೆಯಿಂದ ಗಾಳಿ ಆ ಕೊಳವೇಲಿ ಇಳಿದು ಬೇರಿನ ತುದಿವರೆಗೂ ಹೋಗುತ್ತೆ, ಅಲ್ಲಿ ಸ್ವಲ್ಪ ಆಮ್ಲಜನಕ ಹೊರಗೂ ಸೋರುತ್ತೆ, ಅದು ಕೆಸರಲ್ಲಿರೋ ಕಬ್ಬಿಣಕ್ಕೆ ತಗುಲಿ ತುಕ್ಕಾಗುತ್ತೆ. ಉಸಿರೇ ಇಲ್ದಿರೋ ಕೆಸರೊಳಗೆ ಕೂದಲೆಳೆಯಷ್ಟು ದಪ್ಪಕ್ಕೆ ಗಾಳಿ ಇರೋ ಜಾಗ ಅದು.

ಚರಂಡಿ ನೀರು, ಗೊಬ್ಬರದ ನೀರು ಬಂದಾಗ ಅದರಲ್ಲಿರೋ ಅಮೋನಿಯಾನ ಬೇರಿನ ಪಕ್ಕದ ಬ್ಯಾಕ್ಟೀರಿಯಾ ಆ ಆಮ್ಲಜನಕ ಬಳಸ್ಕೊಂಡು ನೈಟ್ರೇಟ್ ಮಾಡ್ತವೆ. ಅಲ್ಲಿಂದ ಸ್ವಲ್ಪ ಆಚೆ, ಗಾಳಿ ಇಲ್ದಿರೋ ಕಪ್ಪು ಕೆಸರಲ್ಲಿ, ಬೇರೆ ಬ್ಯಾಕ್ಟೀರಿಯಾ ಇದಾವೆ. ಅವು ಕೊಳೆತ ಎಲೆ ತಿನ್ಕೊಂಡು ಆ ನೈಟ್ರೇಟನ್ನ ಮುರಿದು ಬರೀ ನೈಟ್ರೋಜನ್ ಗ್ಯಾಸ್ ಮಾಡಿ ಮೇಲೆ ಬಿಡ್ತವೆ. ನಾವು ಉಸಿರಾಡೋ ಗಾಳೀಲಿ 78% ಇರೋದೂ ಅದೇ ಗ್ಯಾಸ್. ಗಿಡ ತಾನೇ ಹೀರ್ಕೊಂಡು ನೀರು ಕ್ಲೀನ್ ಮಾಡುತ್ತೆ ಅಂತ ತುಂಬಾ ಜನ ಅನ್ಕೋತಾರೆ. ಒಂದಷ್ಟು ಹೀರುತ್ತೆ ನಿಜ, ಆದ್ರೆ ಎಷ್ಟೋ ಕಡೆ ದೊಡ್ಡ ಪಾಲು ಈ ಬ್ಯಾಕ್ಟೀರಿಯಾದ್ದು, ಜೊಂಡು ಅವಕ್ಕೆ ಮನೇನೂ ಊಟಾನೂ ಕೊಡುತ್ತೆ. ಹಂಗಾಗಿ ಬುಡ ಸಮೇತ ಕಿತ್ತಾಕಿದ್ರೆ ಗಿಡದ ಜೊತೆ ಆ ಕೆಲ್ಸಾನೂ ನಿಂತೋಗುತ್ತೆ.

ಇದೇನು ಹೊಸ ವಿದ್ಯೆ ಅಲ್ಲ. ಜರ್ಮನಿಯಲ್ಲಿ ಕೇಟೆ ಸೈಡೆಲ್ ಅನ್ನೋ ವಿಜ್ಞಾನಿ 1950ರ ದಶಕದಲ್ಲೇ ಗಿಡ ನೆಟ್ಟು ಕೊಳಚೆ ನೀರು ಶುದ್ಧ ಮಾಡೋ ಪ್ರಯೋಗ ಮಾಡಿದ್ರು, 1967ರಲ್ಲಿ ಇಲ್ಲಿಯವ್ರು ಎಲ್ಬರ್ಗ್ ಅನ್ನೋ ಊರ ಹತ್ರ ಒಂದು ಕ್ಯಾಂಪಿಂಗ್ ಜಾಗದ ನೀರಿಗೆ ಅಂತಾನೇ ಕೊಳ ಮಾಡಿದ್ರು.

ಈಗ ನಮ್ಮೂರ ಕಥೆ. ಹೋದ್ವರ್ಷ ಅಪ್ಪ ಫೋನ್ ಮಾಡಿ "ಕೆರೆ ಅಭಿವೃದ್ಧಿ ಶುರುವಾಯ್ತಪ್ಪ" ಅಂತ ಖುಷೀಲಿ ಹೇಳಿದ್ರು. ಫೋಟೋ ನೋಡಿ ಹೊಟ್ಟೆ ಉರೀತು. ಹಳ್ಳ ಬಂದು ಕೆರೆ ಸೇರೋ ಕಡೆ ಎಕರೆಗಟ್ಲೆ ಇದ್ದ ಜೊಂಡನ್ನ ಜೆಸಿಬಿ ತಂದು ಬುಡ ಸಮೇತ ಬಗೆದು, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಟ್ರ್ಯಾಕ್ ಮಾಡ್ತಿದಾರೆ. "ಜೊಂಡು ಬೆಳೀತು ಅಂದ್ರೆ ಕೆರೆ ಹಾಳಾಯ್ತು ಅಂತಾನೇ ಅಲ್ವೇನೋ" ಅಂತಾರೆ ಅಪ್ಪ. ಅವರದ್ದೂ ತಪ್ಪಿಲ್ಲ. ಜೊಂಡು ಇಡೀ ಅಂಗಳ ಆವರಿಸ್ಕೊಂಡ್ರೆ ನೀರು ನಿಲ್ಲೋ ಜಾಗಾನೇ ಹೋಗುತ್ತೆ. ಆದ್ರೆ ಹಿಂದೆ ಚಾಪೆ ಹೆಣೆಯೋವ್ರು ಬಂದು ಕೊಯ್ಕೊಂಡ್ ಹೋಗ್ತಿದ್ರು, ಬುಡ ಉಳೀತಿತ್ತು, ಮತ್ತೆ ಚಿಗುರ್ತಿತ್ತು. ಪ್ಲಾಸ್ಟಿಕ್ ಚಾಪೆ ಬಂದ್ಮೇಲೆ ಕೊಯ್ಯೋವ್ರಿಲ್ಲ, ಈಗ ಉಳಿದಿರೋ ದಾರಿ ಜೆಸಿಬಿ ಒಂದೇ ಅನ್ನೋ ಹಂಗಾಗಿದೆ. ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮಲ್ಲೇ ನಿಯಮ ಇದೆ, ಅದು ಜಾಸ್ತಿಯಾದ್ರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕಮ್ಮಿಯಾಗುತ್ತೆ. ಕೆರೆ ಪಕ್ಕದ ಬೋರ್‌ವೆಲ್ ನೀರನ್ನೇ ಕುಡಿಯೋ ಊರಿಗೆ ಇದು ಸಣ್ಣ ವಿಷ್ಯ ಅಲ್ಲ.

ನಮ್ಮಲ್ಲಿ ಗೊತ್ತಿಲ್ಲ ಅಂತಾನೂ ಅಲ್ಲ. ಬೆಂಗಳೂರಿನ ಜಕ್ಕೂರು ಕೆರೇಲಿ ಎಸ್‌ಟಿಪಿ, ಅಂದ್ರೆ ಕೊಳಚೆ ಶುದ್ಧ ಮಾಡೋ ಘಟಕದಿಂದ ಬರೋ ನೀರು ಮೊದಲು ಜೊಂಡಿನ ಜೌಗು ದಾಟಿ ಆಮೇಲೆ ಕೆರೆ ಸೇರುತ್ತೆ. ಹೋಗಿ ನೋಡಿ, ದೂರ ಏನಿಲ್ಲ.

ಇಲ್ಲಿಯವ್ರು ಎಲ್ಲಾ ಸರಿ ಮಾಡಿದಾರೆ ಅಂತ ನಾನು ಹೇಳ್ತಿಲ್ಲ. ದನ, ಹಂದಿ, ಕೋಳಿ ಅತಿಯಾಗಿ ಸಾಕಿ, ಅವುಗಳ ಗೊಬ್ಬರದಿಂದ ಈ ದೇಶ ನೈಟ್ರೋಜನ್ನಲ್ಲೇ ಮುಳುಗಿದೆ. 2019ರ ಮೇನಲ್ಲಿ ಇಲ್ಲಿನ ಉನ್ನತ ಆಡಳಿತ ನ್ಯಾಯಾಲಯ ನೈಟ್ರೋಜನ್ ಕಮ್ಮಿ ಮಾಡ್ತೀವಿ ಅಂತ ಸರ್ಕಾರ ಮಾಡಿದ್ದ ಯೋಜನೆ ನಡೆಯಲ್ಲ ಅಂದ್ಬಿಡ್ತು, ಅಕ್ಟೋಬರಲ್ಲಿ ರೈತರು ಟ್ರ್ಯಾಕ್ಟರ್ ತಗೊಂಡು ಹೇಗ್ ನಗರಕ್ಕೆ ನುಗ್ಗಿದ್ರು. ಗಾಳೀಲಿ ಬಂದು ಕಾಡಿನ ಮೇಲೆ ಬೀಳೋ ಅಮೋನಿಯಾನ ಕಾಲುವೆ ದಡದ ಜೊಂಡು ತಡೆಯಲ್ಲ. ಹಾಗೇ ನೇರವಾಗಿ ಕಕ್ಕಸಿನ ನೀರು ಬಿಟ್ರೆ ಜೊಂಡೂ ಸೋಲುತ್ತೆ, ಮೊದಲು ಶುದ್ಧ ಮಾಡೇ ಬಿಡ್ಬೇಕು.

ಕೊಯ್ಯೋದ್ರಲ್ಲೂ ಒಂದು ಲೆಕ್ಕ ಇದೆ. ಇಲ್ಲಿ ಛಾವಣಿ ಹೊದಿಸೋಕೆ ಚಳಿಗಾಲದಲ್ಲಿ ಒಣಗಿದ ಜೊಂಡು ಕೊಯ್ತಾರೆ, ಅಷ್ಟೊತ್ತಿಗೆ ಗಿಡ ತನ್ನ ಸತ್ವದಲ್ಲಿ ಬಹುಪಾಲು ಕೆಳಗೆ ಗೆಡ್ಡೆಗೆ ಇಳಿಸ್ಕೊಂಡಿರುತ್ತೆ, ನೈಟ್ರೋಜನ್ ಜಾಸ್ತಿ ಆಚೆ ಹೋಗಲ್ಲ. ಅದನ್ನ ತೆಗೀಬೇಕಂದ್ರೆ ಹಸಿರಿದ್ದಾಗ್ಲೇ ಕೊಯ್ಬೇಕು, ಅದೂ ನೀರಿನ ಮಟ್ಟಕ್ಕಿಂತ ಮೇಲೆ, ಸರದಿ ಪ್ರಕಾರ.

ಜನವರಿಗೆ ಊರಿಗೆ ಹೋಗ್ತಿದೀನಿ. ಟ್ರ್ಯಾಕ್ ಬೇಡ ಅಂತ ಜಗಳಕ್ಕೆ ಹೋಗಲ್ಲ, ಹಿರಿಯರು ಓಡಾಡ್ಲಿ. ಹಳ್ಳ ಸೇರೋ ಮೂಲೇಲಿ ಇನ್ನೂ ಒಂದಿಷ್ಟು ಗೆಡ್ಡೆ ಉಳ್ಕೊಂಡಿದೆ ಅಂತ ಅಪ್ಪ ಮೊನ್ನೆ ಹೇಳಿದ್ರು, ಅಷ್ಟಕ್ಕೆ ಕಲ್ಲು ಕಟ್ಬೇಡಿ ಅಂತ ಪಂಚಾಯ್ತೀಲಿ ಕೂತು ಕೇಳ್ಕೋತೀನಿ.